ಕಂಪ್ಯೂಟರ್ ಕೇಳಿದ ನಾಕು ಮಂದಿ

ಕಾಲೇಜು ಅರ್ಧಕ್ಕ ಬಿಟ್ಟ ನನಗ ಸಿಂಧನೂರಿನ ಕಾಲುವಿ ಆಫೀಸಿನ್ಯಾಗ ಸಿಕ್ಕಿದ್ದು ಥರ್ಮಾಮೀಟರ್ ನೋಡೋ ಕೆಲಸ. ಹೊಸಾ ಸಿಮೆಂಟ್ ಕ್ವಾರ್ಟರ್ಸಿನ ಬಗ್ಗೆ ಬೆಂಗಳೂರಿನ ಕಂಪ್ಯೂಟರ್ ಲೆಕ್ಕ ಹಾಕಿ ಕಾಗದ ಕಳಿಸಿತ್ತು: ಒಳಗ ನಾಕು ಮಂದಿ ಇದ್ದು, ಬಾಗಲಾ ಹಾಕಿದ್ರೂ ಒಂದ ಫ್ಯಾನ್ ಸಾಕು. ಅದು ಖರೇನೋ ಸುಳ್ಳೋ ನೋಡಾಕ ಇಂಜಿನಿಯರ್ ಸಾಹೇಬ್ರು ಮಟಮಟ ಮಧ್ಯಾಹ್ನ ನನ್ನೂ ಪ್ಯೂನನ್ನೂ ಜೀಪಿನ್ಯಾಗ ಕರಕೊಂಡು ಹೋದ್ರು.

ಮನಿ ಖಾಲಿ. ಆ ಮನೀದಾಕಿ, ಕಾಲುವಿ ಗೇಟ್ ಕಾಯೋನ ಹೆಂಡ್ತಿ ಶಾಂತಮ್ಮ, ಕೂಸಿನ್ನ ತೊಡಿಮ್ಯಾಲೆ ಹಾಕ್ಕೊಂಡು ಬೇವಿನ ಗಿಡದ ಬುಡಕ ಕುಂತಿದ್ದಳು. ಕೂಸಿನ ಮೈತುಂಬ ಬೆವರಸಾಲಿ.

‘ಒಳಗೆ ಹೋಗಮ್ಮ, ಲೆಕ್ಕದಲ್ಲಿ ನಾಲ್ಕು ಜನ ಇದ್ದಾರೆ,’ ಅಂದ್ರು ಸಾಹೇಬ್ರು.

‘ಬ್ಯಾಸಿಗ್ಯಾಗ ಹಗಲೊತ್ತು ಯಾರ್ರಿ ಒಳಗ ಕೂಡತಾರ? ಕೂಸು ಬೆಂದು ಹೊಕ್ಕೈತಿ.’

‘ಹಾಗಾದರೆ ಕ್ವಾರ್ಟರ್ಸ್ ಖಾಲಿ ಮಾಡಿ.’

ಆಕಿ ಕೂಸಿನ್ನ ಅವಚಿಕೊಂಡಳು. ನನ್ನ ಬಾಯಿ ಸುಮ್ಮನಿರಲಿಲ್ಲ.

‘ಸಾಹೇಬ್ರ, ಕಂಪ್ಯೂಟರಿಗೆ ನಾಕು ಮಂದಿ ಬೇಕು. ಇವ್ರ ಆಗಬೇಕು ಅಂದಿಲ್ಲಲ್ರಿ?’

ಸಾಹೇಬ್ರು ನನ್ನ ದುರುಗುಟ್ಟಿ ನೋಡಿದ್ರು. ಕಡೀಕ ಅವ್ರು, ನಾ, ಜೀಪ್ ಡ್ರೈವರ್, ಪ್ಯೂನ್ ಒಳಗ ಹೋದ್ವಿ. ಶಾಂತಮ್ಮ ಹೊರಗಿಂದ ಚಿಲಕ ಹಾಕಿದಳು.

ಫ್ಯಾನ್ ಬಿಸಿಗಾಳಿ ಸುರಿಯಾಕತ್ತಿತ್ತು. ಪ್ಯೂನ್ ನೆಲಕ್ಕ ಕುಂತ. ಒಂದೀಟು ಹೊತ್ತಿಗೆ ಸಾಹೇಬ್ರು ಬಾಗಲಾ ಬಡಿಯಾಕ ಹತ್ತಿದ್ರು.

‘ತೆಗೆಯಮ್ಮ, ಸಾಕು.’

‘ಮದಲ ಹೇಳ್ರಿ, ಕ್ವಾರ್ಟರ್ಸ್ ಖಾಲಿ ಮಾಡ್ಬೇಕೋ ಬ್ಯಾಡೋ?’

ಸಾಹೇಬ್ರು ಮತ್ತ ಬಾಗಲಾ ಬಡದ್ರು. ಚಿಲಕ ಅಲ್ಲಾಡಲಿಲ್ಲ.

‘ಬೇಡ,’ ಅಂದ್ರು ಸಾಹೇಬ್ರು.

ಹೊರಗ ಬಂದ ಸಾಹೇಬ್ರು ಸೀದಾ ಬೇವಿನ ಗಿಡದ ಬುಡಕ ಆಕಿ ಜಾಗಾದಾಗ ಕುಂತು, ಬೆಂಗಳೂರಿನ ಕಾಗದಾ ಮಡಚಿ ಗಾಳಿ ಹಾಕ್ಕೊಂಡ್ರು. ಕಂಪ್ಯೂಟರಿನಿಂದ ಒಬ್ಬರಿಗರ ತಂಪಾತು.