ಸೆಲಿನಕ್ಕನ ಕೋಣೆಯ ಹೊರಗೋಡೆ

ಸೆಲಿನಕ್ಕ, ನಿಮ್ಮ ಕೋಣೆಯ ಗೋಡೆ ಒದ್ದೆಯಾದದ್ದು ನಿಮ್ಮ ಗಂಜಿಯ ಹಬೆಯಿಂದಲ್ಲ. ಅದು ನನಗೆ ಅಂದೇ ಗೊತ್ತಿತ್ತು. ಗೊತ್ತಿದ್ದೂ ನಿಮ್ಮ ಗಂಡನ ಮುಂದೆ ಸುಳ್ಳು ಹೇಳಿದೆ — ಆರು ವರ್ಷ ಆ ಸುಳ್ಳನ್ನು ಹಾಗೇ ಬಿಟ್ಟೆ.

ಇಲ್ಲಿ ಗಲ್ಫಿನಲ್ಲಿ, ಅಲ್ ವಕ್ರಾದ ಆ ಹಳೆಯ ವಿಲ್ಲಾದಲ್ಲಿ ಕೆಳಗಿನ ಹಾಲಿಗೆ ಹಲಗೆ ಅಡ್ಡ ಹೊಡೆದು ಎರಡು ಕೋಣೆ ಮಾಡಿದ್ದರಲ್ಲ. ಒಂದರಲ್ಲಿ ನೀವು, ಲ್ಯಾನ್ಸಿ ಅಣ್ಣ, ಪುಟ್ಟ ರಿಯಾ, ಇನ್ನೊಂದರಲ್ಲಿ ನಾನು. ಜನವರಿಯ ಚಳಿಗೆ ನಿಮ್ಮ ಹೊರಗೋಡೆ ಮುಟ್ಟಿದರೆ ಕೈ ಜುಂ ಎನ್ನುತ್ತಿತ್ತು, ಬೆಳಿಗ್ಗೆ ನೀರಿಳಿಯುತ್ತಿತ್ತು. ರಾಸ್ ಲಫಾನ್‌ನ ಗ್ಯಾಸ್ ಪ್ಲಾಂಟಿನಲ್ಲಿ ಪೈಪುಗಳಿಗೆ ಬಿಸಿ-ತಂಪು ತಡೆಯುವ ಇನ್ಸುಲೇಶನ್ ಹೊದಿಸುವವನು ನಾನು. ಗೋಡೆಗೂ ಹೊದಿಸಿಕೊಡು ಎಂದು ಲ್ಯಾನ್ಸಿ ಅಣ್ಣ ನನ್ನನ್ನೇ ಕೇಳಿದರು.

ಒಂದು ಶುಕ್ರವಾರ, ವಾರದ ರಜೆಯ ದಿನ, ನೀವೆಲ್ಲ ಚರ್ಚಿಗೆ ಹೋದಾಗ ಗಾರೆ ಕೆರೆದು ನೋಡಿದೆ. ಮೇಲಿನ ಮನೆಯ ಬಚ್ಚಲಿನ ಪೈಪು ಗೋಡೆಯೊಳಗೇ ಸೋರುತ್ತಿತ್ತು. ರಿಪೇರಿಗೆ ಮಾಲೀಕನನ್ನು ಕರೆಯಬೇಕು. ಕರೆದರೆ ಕಾನೂನು ಮೀರಿ ಹೊಡೆದ ಅಡ್ಡಹಲಗೆ ಕೀಳುತ್ತಾರೆ, ನನ್ನ ಕೋಣೆ ಹೋಗುತ್ತದೆ — ಅಷ್ಟೇ ಯೋಚಿಸಿದೆ. ಸೋರುವುದನ್ನು ಮುಚ್ಚಿಡಲು ಬೇರೆ ಕಾರಣ ಬೇಕಿತ್ತು. ಸಿಕ್ಕಿದ್ದು ನಿಮ್ಮ ಗಂಜಿ.

"ಎಂಥದೂ ಇಲ್ಲ ಲ್ಯಾನ್ಸಿ ಅಣ್ಣ. ಅಕ್ಕ ಒಳಗೆ ಗಂಟೆಗಟ್ಟಲೆ ಕುಚ್ಚಲಕ್ಕಿ ಬೇಯಿಸ್ತಾರಲ್ಲ, ಅದರ ಹಬೆ. ಥರ್ಮೊಕೋಲ್ ಇಟ್ಟು ಬೋರ್ಡ್ ಹೊಡೆದ್ರೆ ಖಲಾಸ್."

ಒದ್ದೆಯ ಮೇಲೆ ಹೊದಿಸಬಾರದು — ನಮ್ಮ ಕೆಲಸದ ಮೊದಲ ಪಾಠವೇ ಅದು. ಹೊದಿಸಿದೆ. ಬಣ್ಣ ಬಳಿದ ಮೇಲೆ ನೀವು ಎಷ್ಟು ಖುಷಿಪಟ್ಟಿರಿ.

ತಿಂಗಳೊಳಗೆ ಮುಗ್ಗುಲು ವಾಸನೆ ಶುರುವಾಯಿತು. ರಿಯಾಳಿಗೆ ಕೆಮ್ಮು, ಆಮೇಲೆ ಉಬ್ಬಸ. ನೀವು ಗಂಜಿ ಬೇಯಿಸುವುದನ್ನೇ ಬಿಟ್ಟಿರಿ, ಮಗುವಿಗೆ ಅಂಗಡಿಯ ಖುಬೂಸ್ ರೊಟ್ಟಿ ತಿನ್ನಿಸಿದಿರಿ, ಒದ್ದೆ ಬಟ್ಟೆ ಒಣಗಿಸಲು ಹೊತ್ತು ತಾರಸಿಗೆ ಹತ್ತಿದಿರಿ. ಆದರೂ ವಾಸನೆ ಹೋಗಲಿಲ್ಲ. "ಒಂದು ಕೋಣೆ ಸರಿ ಇಟ್ಟುಕೊಳ್ಳಲಿಕ್ಕೆ ಆಗುದಿಲ್ವಾ ನಿನಗೆ?" — ಲ್ಯಾನ್ಸಿ ಅಣ್ಣ ನಿಮ್ಮನ್ನು ಗದರುವುದು ಹಲಗೆಯಾಚೆ ನನಗೆ ಪೂರ್ತಿ ಕೇಳಿಸುತ್ತಿತ್ತು. ಎದ್ದು ಬಂದು ಒಂದು ಮಾತು ಹೇಳಬಹುದಿತ್ತು... ಟಿವಿಯ ಸದ್ದು ಜೋರು ಮಾಡಿದೆ. ಏಪ್ರಿಲ್‌ನಲ್ಲಿ ಅವರು ನಿಮ್ಮಿಬ್ಬರನ್ನೂ ಊರಿಗೆ ಕಳುಹಿಸಿದರು.

ಮರುವರ್ಷ ವಿಲ್ಲಾ ಖಾಲಿ ಮಾಡುವಾಗ ಆ ಬೋರ್ಡುಗಳನ್ನು ಬಿಚ್ಚಿದವನೂ ನಾನೇ. ಹಿಂದೆಲ್ಲ ಕಪ್ಪು ಬೂಷ್ಟು, ನನ್ನ ಭುಜದೆತ್ತರಕ್ಕೆ. ರಿಯಾ ತಲೆಯಿಟ್ಟು ಮಲಗುತ್ತಿದ್ದದ್ದು ಅಲ್ಲೇ. ಲ್ಯಾನ್ಸಿ ಅಣ್ಣ ಡ್ಯೂಟಿಯಿಂದ ಬರುವ ಮೊದಲು ಎಲ್ಲವನ್ನೂ ಮುರಿದು ಕಸಕ್ಕೆ ಹಾಕಿದೆ. ಮೊದಲನೆಯ ತಪ್ಪಿಗೆ ಭಯ ಎನ್ನೋಣ — ಇದಕ್ಕೆ ಏನೆನ್ನಲಿ?

ಹೋದ ವಾರ ಲ್ಯಾನ್ಸಿ ಅಣ್ಣ ಹೇಳಿದರು: "ಗಣೇಶ, ರಿಯಾ ಇಲ್ಲಿಗೆ ಬರ್ತೇನೆ ಅಂತ ಹಠ ಮಾಡ್ತಾಳೆ. ಆದ್ರೆ ಸೆಲಿನ್‌ಗೆ ಇಲ್ಲಿ ಮನೆ ನೋಡ್ಲಿಕ್ಕೆ ಬರುದಿಲ್ಲ, ನಿನಗೆ ಗೊತ್ತುಂಟಲ್ಲ."

ನನಗೆ ಗೊತ್ತುಂಟು. ಈ ಶುಕ್ರವಾರ ಅವರಿಗೆ ಎಲ್ಲವನ್ನೂ ಹೇಳುತ್ತೇನೆ. ಅದಕ್ಕೂ ಮೊದಲು ನಿಮಗೆ ಬರೆಯಬೇಕೆನಿಸಿತು. ಕ್ಷಮಿಸಿ ಎಂದು ಕೇಳುವುದಿಲ್ಲ.

ಯಾಕೆಂದರೆ ನೀವು ಹೊರಟ ದಿನ ಏರ್‌ಪೋರ್ಟಿನಲ್ಲಿ, ನಿದ್ದೆಹೋದ ಮಗುವನ್ನು ಹೆಗಲಿಗೆ ಹಾಕಿಕೊಂಡು ನನ್ನತ್ತ ತಿರುಗಿ ಹೇಳಿದಿರಿ — "ನನ್ನಿಂದ ನಿಮ್ಗೂ ತೊಂದರೆ ಆಯ್ತು, ಬೇಜಾರು ಮಾಡ್ಬೇಡಿ." ನಾನು "ಪರವಾಗಿಲ್ಲ ಅಕ್ಕ" ಎಂದೆ. ನಾನೇ ನಿಮ್ಮನ್ನು ಕ್ಷಮಿಸಿ ಕಳುಹಿಸಿದೆ.