ಸೊಪ್ಪಿನ ಹೊರೆಗೆ ಬಡಿದ ವಿಮಾನ

ಆ ಸಂಜೆ ಯಾರೂ ಸಾಯಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನನಗೆ ನಾನೇ ದಿನಕ್ಕೆ ಹತ್ತು ಸಲ ಹೇಳಿಕೊಳ್ಳುತ್ತಿರುವುದೂ ಇದನ್ನೇ.

ನನ್ನ ಗೆಳೆಯ ಚನ್ನಪಟ್ಟಣದಲ್ಲಿ ಮರದ ಬೊಂಬೆ ಮಾಡುವವನು. ಡಿಗ್ರಿ ಕಾಲೇಜಿನಲ್ಲಿ ನಮ್ಮಿಬ್ಬರದೂ ಒಂದೇ ಬೆಂಚು. ನಾನು ಹಾರೋಹಳ್ಳಿಯ ಕಾರ್ಖಾನೆಗೆ ಸೇರಿದೆ, ಅವನು ಅಪ್ಪನ ಬೊಂಬೆ ಮಿಷನ್ ಹಿಡಿದ. ಎರಡು ವರ್ಷದ ಕೆಳಗೆ ಅವನಿಗೆ ಇಂಟರ್‌ನೆಟ್ಟಿನಲ್ಲಿ ಬಹಳ ಹಳೆಯ ರಿಮೋಟ್ ವಿಮಾನವೊಂದರ ಮೂಲ ನಕ್ಷೆ ಸಿಕ್ಕಿತು. ಪೂರ್ತಿ ಅಳತೆಗೆ ಪ್ರಿಂಟ್ ಹಾಕಿಸಿ, ನೆಲದ ಮೇಲೆ ಚಾಪೆಯಂತೆ ಹಾಸಿ, ಆ ಗೆರೆಗಳ ಮೇಲೆಯೇ ಹಗುರವಾದ ಬಾಲ್ಸಾ ಮರದ ಕಡ್ಡಿಗಳನ್ನು ಗುಂಡುಸೂಜಿಯಿಂದ ನಿಲ್ಲಿಸಿ ಅಂಟಿಸುತ್ತಾ ಹೋದೆವು. ಎಷ್ಟೋ ಭಾನುವಾರಗಳು ಹಾಗೇ ಕಳೆದವು. ರೆಕ್ಕೆಗೆ ರೇಷ್ಮೆ ಹೊದಿಸಬೇಕೆಂದು ನಕ್ಷೆಯ ಮೂಲೆಯಲ್ಲಿ ಬರೆದಿತ್ತು. ಈಗ ಎಲ್ಲರೂ ಪ್ಲಾಸ್ಟಿಕ್ ಹಾಳೆ ಅಂಟಿಸುತ್ತಾರಲ್ಲ ಎಂದೆ.

"ರಾಮನಗರದ ರೇಷ್ಮೆ ಮಾರ್ಕೆಟ್ ಪಕ್ಕದಲ್ಲಿಟ್ಕೊಂಡು ಪ್ಲಾಸ್ಟಿಕ್ ಹಾಕುದ್ರೆ ಜನ ನಗ್ತಾರೆ ಕಣ್ಲಾ" ಎಂದು ಗೆಳೆಯ ತೆಳು ರೇಷ್ಮೆ ತಂದ. ಅದನ್ನು ಬಿಗಿ ಮಾಡಲು ಬಳಿದ ವಾರ್ನಿಷಿನ ಘಾಟು ಅವನ ಬೊಂಬೆ ಅಂಗಡಿಯಿಂದ ವಾರಗಟ್ಟಲೆ ಹೋಗಲಿಲ್ಲ.

ಸಾತನೂರು ರಸ್ತೆಯಾಚೆ ನೀರು ಬತ್ತಿದ ಒಂದು ಕೆರೆಯಂಗಳದಲ್ಲಿ ಹಾರಿಸುತ್ತಿದ್ದೆವು. ರಿಮೋಟ್ ಅವನ ಕೈಯಲ್ಲಿ. ಅವನು ಆಕಾಶದಿಂದ ಕಣ್ಣು ತೆಗೆಯುವಂತಿರಲಿಲ್ಲ. ನೆಲದ ಮೇಲೆ ಯಾರು ಬಂದರು, ಯಾರು ಹೋದರು ಎಂದು ನೋಡುವುದು ನನ್ನ ಕೆಲಸ.

ಆ ಸಂಜೆ ವಿಮಾನ ಇಳಿಯುತ್ತಿದ್ದಾಗ ಅಂಚಿನ ಕಾಲುದಾರಿಯಲ್ಲಿ ಹೆಂಗಸೊಬ್ಬರು ಬಂದರು. ತಲೆಯ ಮೇಲೆ ಹಿಪ್ಪುನೇರಳೆ ಸೊಪ್ಪಿನ ಹೊರೆ, ಕಣ್ಣಿನವರೆಗೂ ಇಳಿಬಿದ್ದ ಕಡ್ಡಿಗಳು. ವಿಮಾನ ನೇರ ಆಕೆಯ ಕಡೆಗೇ ಹೋಗುತ್ತಿತ್ತು.

"ಬುಡು! ಬುಡ್ಲಾ!" ಎಂದು ಕೂಗಿದೆ.

ವೇಗ ಬಿಡು, ಮೋಟರು ನಿಲ್ಲಿಸು ಎಂಬ ಅರ್ಥದಲ್ಲಿ ಕೂಗಿದ್ದೆ. ಆದರೆ ನಮ್ಮ ಕಡೆ ಗಾಡಿ ಓಡಿಸುವುದಕ್ಕೂ 'ಬುಡೋದು' ಅಂತಲೇ ಅನ್ನುತ್ತಾರೆ. ಬುಡು ಅಂದರೆ ಇನ್ನೂ ಜೋರಾಗಿ ಹೋಗು ಅಂತಲೂ ಆಗುತ್ತದೆ. ಅವನು ರಿಮೋಟಿನ ವೇಗದ ಕಡ್ಡಿಯನ್ನು ಹೆಬ್ಬೆರಳಿನಿಂದ ಕೊನೆಯವರೆಗೆ ತಳ್ಳಿದ. ಮೋಟರು ಚೀರಿತು. ಮೇಲೇಳುವಷ್ಟು ಜಾಗ ಉಳಿದಿರಲಿಲ್ಲ. ವಿಮಾನ ಹೊರೆಯೊಳಕ್ಕೆ ನುಗ್ಗಿತು. ಆಕೆ ಮುಂದಕ್ಕೆ ಮಂಡಿಯೂರಿ ಬಿದ್ದರು. ವಿಮಾನದ ಮೂತಿಯಲ್ಲಿ ತಿರುಗುತ್ತಿದ್ದ ಫ್ಯಾನಿಗೂ ಆಕೆಯ ನೆತ್ತಿಗೂ ನಡುವೆ ಒಂದು ಗೇಣು ಸೊಪ್ಪಿತ್ತು. ಅಷ್ಟೇ.

ನಾವು ಓಡಿ ಹೋಗುವಷ್ಟರಲ್ಲಿ ಆಕೆ ಎದ್ದು ಕೂತು ತಲೆ ಸವರಿ, ಅಂಗೈ ನೋಡಿಕೊಳ್ಳುತ್ತಿದ್ದರು. ರಕ್ತವಿರಲಿಲ್ಲ.

"ಇಷ್ಟಗಲ ಆಕಾಸ ಬುಟ್ಟು ನನ್ ತಲೇನೇ ಬೇಕಾಗಿತ್ತೇನ್ರಪ್ಪ ನಿಮ್ಗೆ?"

ಆಸ್ಪತ್ರೆಗೆ ಹೋಗೋಣ ಬನ್ನಿ ಅಮ್ಮ ಎಂದರೆ ಕೇಳಲಿಲ್ಲ. ವಾರ್ನಿಷಿನ ಘಾಟು ಹತ್ತಿದ ಸೊಪ್ಪನ್ನು ಮೂಸಿ ನೋಡಿ ಮುಖ ಸಿಂಡರಿಸಿದರು. "ಈ ವಾಸ್ನೆ ಸೊಪ್ಪು ಹಾಕುದ್ರೆ ಹುಳ ಉಳೀತವಾ? ನಡೀರಿ, ಬೇರೆ ಕುಯ್ಕೊಡಿ."

ಆಕೆಯ ತೋಟದಲ್ಲಿ ಇಬ್ಬರೂ ಬಗ್ಗಿ ಸೊಪ್ಪು ಕೊಯ್ದೆವು. ಗೆಳೆಯ ತನ್ನ ಹೆಬ್ಬೆರಳನ್ನೇ ನೋಡುತ್ತಿದ್ದ. "ನೀನು ಬುಡು ಅಂದೆ, ಬುಟ್ಟೆ, ಆದ್ರೂ ಮೇಲೆತ್ತಕಾಗ್ಲಿಲ್ಲ. ನನ್ ಕೈ ಸರಿ ಇಲ್ಲ ಕಣ್ಲಾ. ಇನ್ ಮುಟ್ಟಲ್ಲ" ಎಂದ. ತಪ್ಪಿದ್ದು ಅವನ ಕೈಯಲ್ಲ, ನನ್ನ ಮಾತು ಎಂದು ಆಗಲೇ ಹೇಳಬಹುದಿತ್ತು. ಹೇಳಲಿಲ್ಲ.

ಮೂರು ವಾರ ಅವನು ರಿಮೋಟ್ ಮುಟ್ಟಲಿಲ್ಲ. ಕಾರ್ಖಾನೆಯಲ್ಲಿ ಯಾವ ಮೋಟರು ವೇಗ ಏರಿಸಿಕೊಂಡರೂ ನನ್ನ ಕುತ್ತಿಗೆ ತಾನೇ ತಗ್ಗುತ್ತಿತ್ತು. ಆ ಒಂದು ಗೇಣನ್ನು ಮನಸ್ಸಿನಲ್ಲಿ ಅಳೆಯುತ್ತಿದ್ದೆ. ಒಂದೊಂದು ಸಲ ಅದು ಅರ್ಧ ಗೇಣಾಗಿರುತ್ತಿತ್ತು. ತಡೆಯಲಾರದೆ ಕೊನೆಗೆ ಅಂಗಡಿಗೆ ಹೋಗಿ, ಬುಡು ಅಂದದ್ದರ ಅರ್ಥ ಬಿಡಿಸಿ ಹೇಳಿದೆ.

ಅವನು ಮಿಷನ್ ನಿಲ್ಲಿಸಿದ. "ಇಷ್ಟ್ ದಿನ ನನ್ ಬೆರಳಿಗೆ ನಾನೇ ಉಗ್ಕೊಂಡು ಕೂತಿದ್ದೆ. ನೀನು ನೋಡ್ಕೊಂಡು ಸುಮ್ಕಿದ್ದಲ್ಲೋ!" ಎಂದ. ಮತ್ತೆ ಕೇಳಿದ: "ಆಯಮ್ಮಂಗೆ ಹೇಳ್ದಾ?"

"ಇಲ್ಲ."

"ಸಂತೇಲಿ ನನ್ನ ಕಂಡ್ರೆ ದುರುಗುಟ್ಕೊಂಡು ನೋಡ್ತಾಳೆ. ಹೋಗ್ ಹೇಳ್ ಬಾ, ಹೋಗು."

ಹೋದೆ. ಹೊರಗಿನವರ ಸೋಂಕು ತಗಲೀತೆಂದು ರೇಷ್ಮೆ ಹುಳದ ಮನೆಯೊಳಕ್ಕೆ ಆಕೆ ಬಿಡಲಿಲ್ಲ. ಬಾಗಿಲಾಚೆ ನಿಂತೇ ಎಲ್ಲ ಒಪ್ಪಿಸಿದೆ. ಆಕೆ ಸೊಪ್ಪು ಹರಡುತ್ತಲೇ ಕೇಳಿಸಿಕೊಂಡರು.

"ಮಾತು ಯಾರ್ದಾದ್ರೇನಪ್ಪ, ಬೆರಳು ಯಾರ್ದಾದ್ರೇನು? ತಲೆ ನಂದಲ್ವಾ?"

ವಾಪಸು ಬಂದು ಗೆಳೆಯನಿಗೆ ಅದನ್ನೇ ಹೇಳಿದೆ. ಅವನು ನಗುತ್ತಾನೇನೋ ಅಂದುಕೊಂಡಿದ್ದೆ. ನಗಲಿಲ್ಲ.

"ಜನ ಓಡಾಡೋ ದಾರಿ ಪಕ್ಕ ನಾವು ಹಾರುಸ್ಲೇಬಾರ್ದಿತ್ತು ಕಣ್ಲಾ" ಎಂದ. ನಮ್ಮಿಬ್ಬರಿಗೂ ಇದು ಮೊದಲ ದಿನವೇ ಗೊತ್ತಿತ್ತು. ಆ ದಾರಿ ದಾಟಿಯೇ ಅಲ್ಲವೆ, ವಿಮಾನ ಹೊತ್ತುಕೊಂಡು ನಾವು ಕೆರೆಯಂಗಳಕ್ಕೆ ಇಳಿಯುತ್ತಿದ್ದುದು.