ಅಂಚಿನ ಮಾಮ
ವಾರಪತ್ರಿಕೆಯ ಕಚೇರಿಯಲ್ಲಿ ಪುಟ ವಿನ್ಯಾಸ ಮಾಡುವವರನ್ನು ಎಲ್ಲರೂ ಅಂಚಿನ ಮಾಮ ಅಂತಲೇ ಕರೆಯುತ್ತಾರೆ, ಯಾಕೆಂದರೆ ಯಾರು ಏನೇ ತಂದುಕೊಟ್ಟರೂ ಅವರ ಮೊದಲ ಮಾತು, “ಅಂಚು ಬಿಡಿ, ಪುಟಾನೂ ಉಸಿರಾಡ್ಬೇಕಲ್ಲ.” ಟೀ ಲೋಟವನ್ನೂ ಮೇಜಿನ ತುದಿಯಿಂದ ಅಳತೆ ನೋಡಿಯೇ ಇಡುತ್ತಾರೆ, ಗೋಡೆಯ ಕ್ಯಾಲೆಂಡರ್ ಕೂದಲೆಳೆಯಷ್ಟು ವಾಲಿದರೂ ಊಟ ಬಿಟ್ಟೆದ್ದು ಸರಿಮಾಡುತ್ತಾರೆ, ಹೊಗಳಿಕೆಯ ಮಾತು ಕಂಡರೆ ಅಕ್ಕಿಯಲ್ಲಿ ಕಲ್ಲು ಸಿಕ್ಕಂತೆ ಹೆಕ್ಕಿ ಎಸೆಯುತ್ತಾರೆ. ನಾವು ಮೂವರು ವಿದ್ಯಾರ್ಥಿನಿಯರು ನಮ್ಮ ಕಿರುಚಿತ್ರದ ಪ್ರಚಾರಕ್ಕೆ ಬರೆದೊಯ್ದ ಲೇಖನದ ಏಳು ‘ಅದ್ಭುತ’ಗಳೂ ಹಾಗೇ ಹೋದವು. ನಮಗೆ ಸಿಕ್ಕಿದ್ದು ಒಂದೇ ಪುಟ. ಅದನ್ನು ನೋಡಿ ಜನ ಬರದಿದ್ದರೆ ಪ್ರದರ್ಶನಕ್ಕೆ ನಾವೇ ಪ್ರೇಕ್ಷಕರು. ನಮ್ಮ ಮೂವರ ಫೋಟೊ ದೊಡ್ಡದಾಗಿ ಹಾಕಿ ಅಂದೆವು. ಮಾಮ ಹನ್ನೊಂದು ನಿಮಿಷದ ಚಿತ್ರವನ್ನು ಮೂರು ಸಲ ನೋಡಿ, ಬಾಗಿಲು ತೆರೆಯುವ ಒಂದು ಕೈಯ ಹತ್ತಿರ ನಿಲ್ಲಿಸಿದರು. “ಇದು ಯಾರ ಕೈ?” “ನಮ್ಮಮ್ಮಂದು. ಬಟ್ಟೆ ಇಸ್ತ್ರಿ ಮಾಡ್ತಾರೆ. ಶೂಟಿಂಗಿಗೆ ಮನೆ ಕೊಟ್ಟಿದ್ದೂ ಅವರೇ” ಅಂದೆ. ಆ ಕೈಯನ್ನೇ ಅರ್ಧ ಪುಟಕ್ಕೆ ಹರಡಿದರು. “ಇಸ್ತ್ರಿಯಿಂದ ಸುಟ್ಟ ಆ ಕಲೆ ಆದ್ರೂ ಅಳಿಸಿ ಮಾಮ” ಅಂದೆ ನಾಚಿಕೊಂಡು. “ಅಳಿಸಿದ್ರೆ ಇನ್ಯಾರದೋ ಕೈ ಆಗುತ್ತೆ ಕಣಮ್ಮ” ಅಂದರು. ಪ್ರದರ್ಶನದ ದಿನ ಕುರ್ಚಿ ಸಾಲದೆ ಜನ ಗೋಡೆಗೊರಗಿ ನಿಂತಿದ್ದರು. ಮಡಚಿದ ಪತ್ರಿಕೆ ಹಿಡಿದು ತಡವಾಗಿ ಬಂದ ಅಮ್ಮ ನಾನು ತೋರಿಸಿದ ಕೂಡಲೇ, ಚಿತ್ರ ನೋಡಲು ಬಂದಿದ್ದ ಮಾಮನ ಬಳಿ ಸೀದಾ ಹೋಗಿ, “ನನ್ನ ಕೈಯನ್ನ ಯಾವತ್ತೂ ಇಷ್ಟು ಹೊತ್ತು ನಾನೇ ನೋಡಿರಲಿಲ್ಲ ಸರ್” ಅಂದರು. ಮಾಮ ಎದ್ದು ನಿಂತು, ತಾವು ಕೂತಿದ್ದ ಕುರ್ಚಿಯನ್ನು ಅಮ್ಮನಿಗೆ ಕೊಟ್ಟರು.